ನಿಮಗಿದು ಗೊತ್ತೆ? ಉಪಗ್ರಹ ಮಂಜುಗಡ್ಡೆಯ ದಪ್ಪ ಅಳೆಯುವುದೇ ಇಲ್ಲ!

ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆಯ ದಪ್ಪವನ್ನು ಯಾವ ಉಪಗ್ರಹವೂ ನೇರವಾಗಿ ಅಳೆಯುವುದಿಲ್ಲ. 2010ರಲ್ಲಿ ಹಾರಿದ ಯುರೋಪಿನ ಕ್ರಯೋಸ್ಯಾಟ್-2 ಸುಮಾರು 700 ಕಿ.ಮೀ. ಎತ್ತರದಿಂದ ರೇಡಾರ್ ಅಲೆ ಬಿಟ್ಟು ನೋಡುವುದು, ಗಡ್ಡೆ ನೀರಿನಿಂದ ಎಷ್ಟು ಮೇಲೆದ್ದಿದೆ ಎಂಬುದನ್ನಷ್ಟೇ. ಹಾಗೆ ಮೇಲೇಳುವುದು ಸುಮಾರು ಹತ್ತರಲ್ಲಿ ಒಂದು ಪಾಲು; ಮಿಕ್ಕಿದ್ದೆಲ್ಲ ಲೆಕ್ಕಾಚಾರ. ಮೇಲೆ 2 ಸೆಂ.ಮೀ. ತಪ್ಪಿದರೆ ದಪ್ಪದಲ್ಲಿ ಹೆಚ್ಚುಕಡಿಮೆ 20 ಸೆಂ.ಮೀ. ತಪ್ಪುತ್ತದೆ. ಹಾಗಿದ್ದರೆ ಈ ಅಂಕಿಗಳನ್ನು ನಂಬುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಸಂಖ್ಯ ಅಳತೆಗಳ ಸರಾಸರಿ ತೆಗೆದಾಗ ಬಿಡಿ ತಪ್ಪುಗಳು ಬಹುಮಟ್ಟಿಗೆ ಸರಿಹೋಗುತ್ತವೆ. ಸರಿಹೋಗದೆ ಕಾಡುವುದು ಮೇಲೆ ಬಿದ್ದ ಹಿಮದ ಹೊರೆ. ಅದು ಗಡ್ಡೆಯನ್ನೇ ಕೆಳಕ್ಕೆ ಅದುಮುತ್ತದೆ. ಅದಕ್ಕೇ ವಿಜ್ಞಾನಿಗಳು ಇಂದಿಗೂ ಗಡ್ಡೆಯ ಮೇಲೆ ನಿಂತು ಹಿಮದ ಆಳ ನೋಡುತ್ತಾರೆ, ಬೈರಿಗೆಯಿಂದ ತೂತು ಕೊರೆಯುತ್ತಾರೆ, ಟೇಪಿನ ತುದಿಯ ಲೋಹದ ಪಟ್ಟಿಯನ್ನು ಗಡ್ಡೆಯ ತಳಕ್ಕೆ ಸಿಕ್ಕಿಸಿ ದಪ್ಪ ಓದುತ್ತಾರೆ.