ಹೊಸ ಪುಸ್ತಕ ಕಪಾಟಿಗೆ ಬರುವ ದಾರಿ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಸವನಗುಡಿಯ ವಾಡಿಯಾ ಸಭಾಂಗಣದಲ್ಲೋ ಗಾಂಧಿ ಭವನದಲ್ಲೋ ಒಂದು ಪುಸ್ತಕ ಬಿಡುಗಡೆಯಾಗುತ್ತದೆ. ಬಣ್ಣದ ಕಾಗದ ಬಿಚ್ಚುತ್ತಾರೆ, ವೇದಿಕೆಯ ಮೇಲಿದ್ದವರೆಲ್ಲ ಒಂದೊಂದು ಪ್ರತಿಯನ್ನು ಎದೆಮಟ್ಟಕ್ಕೆ ಹಿಡಿದು ನಿಲ್ಲುತ್ತಾರೆ, ಫೋಟೊ ಆಗುತ್ತದೆ, ಹೊರಗಿನ ಮೇಜಿನ ಮೇಲೆ ರಿಯಾಯಿತಿ ದರದಲ್ಲಿ ಮಾರಾಟ ನಡೆಯುತ್ತದೆ. ಸಿಂಧನೂರಿನಲ್ಲೋ ಸಿರ್ಸಿಯಲ್ಲೋ ಸಾರ್ವಜನಿಕ ಗ್ರಂಥಾಲಯವನ್ನೇ ನೆಚ್ಚಿಕೊಂಡಿರುವ ಓದುಗನ ಕೈಗೆ ಅದೇ ಪುಸ್ತಕ ಸಿಗುವುದು ಯಾವಾಗ? ಬಹಳ ಸಲ ವರ್ಷ ಕಳೆದ ಮೇಲೆ. ಒಮ್ಮೊಮ್ಮೆ ಇನ್ನೂ ತಡವಾಗಿ.

ಈ ತಡಕ್ಕೆ ಗ್ರಂಥಪಾಲಕರನ್ನು ಬೈದು ಪ್ರಯೋಜನವಿಲ್ಲ. ಪುಸ್ತಕ ಬರುವ ದಾರಿಯೇ ಉದ್ದ. ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ರಸೀದಿ ತೆಗೆದು ನೋಡಿದರೆ ಕಾಣುತ್ತದೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಈ ಹಣ ಗ್ರಂಥಾಲಯಗಳಿಗೆ ಹೋಗಬೇಕು. ಹೋಗುವುದು ನಿಧಾನ, ಬಾಕಿ ಉಳಿಯುವುದು ಹಳೆಯ ಕತೆ. ಕೋಲ್ಕತ್ತದಲ್ಲಿ 1972ರಲ್ಲಿ ಶುರುವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವೂ ಒಂದಿಷ್ಟು ಬರುತ್ತದೆ.

ಕನ್ನಡ ಪ್ರಕಾಶಕರು ಕಣ್ಣಿಟ್ಟು ಕಾಯುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ. ಇಂಥ ವರ್ಷದಲ್ಲಿ ಪ್ರಥಮ ಮುದ್ರಣವಾದ ಪುಸ್ತಕಗಳನ್ನು ಸಲ್ಲಿಸಿ ಎಂದು ಪ್ರಕಟಣೆ ಹೊರಡುತ್ತದೆ. ಅದಕ್ಕೆ ಮೊದಲು ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗದಲ್ಲಿ ಪುಸ್ತಕ ನೋಂದಣಿಯಾಗಿರಬೇಕು. ಆಯ್ಕೆ ಸಮಿತಿ ಕೂರುತ್ತದೆ, ಪಟ್ಟಿ ಹೊರಬೀಳುತ್ತದೆ, ಪಟ್ಟಿಯಲ್ಲಿ ಇಲ್ಲದವರ ತಕರಾರು ಬರುತ್ತದೆ, ಆಮೇಲೆ ಆದೇಶ, ಆಮೇಲೆ ಬಿಲ್ಲು. ಆಯ್ಕೆಯಾದ ಶೀರ್ಷಿಕೆಯೊಂದಕ್ಕೆ ಸಾಮಾನ್ಯವಾಗಿ 300 ಪ್ರತಿ. ಒಂದು ಸಾವಿರ ಪ್ರತಿ ಅಚ್ಚು ಹಾಕಿಸುವುದಕ್ಕೇ ಹಿಂದೆ ಮುಂದೆ ನೋಡುವ ಸಣ್ಣ ಪ್ರಕಾಶಕನಿಗೆ ಇದು ಸಣ್ಣ ಸಂಖ್ಯೆಯಲ್ಲ. ಎಷ್ಟೋ ಕವನ ಸಂಕಲನ, ವಿಮರ್ಶೆ, ಸಂಶೋಧನಾ ಗ್ರಂಥಗಳು ಈ ಮುನ್ನೂರರ ಧೈರ್ಯದ ಮೇಲೇ ಹೊರಬಂದಿವೆ.

ಇಲ್ಲೊಂದು ತಮಾಷೆಯೂ ಇದೆ. ಇಲಾಖೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಪುಟ ಹೆಚ್ಚಿದಷ್ಟೂ ದುಡ್ಡು ಹೆಚ್ಚು ಅಂದಮೇಲೆ ಅಕ್ಷರ ದಪ್ಪಗಾಗುವುದೂ ಅಂಚು ಅಗಲವಾಗುವುದೂ ಆಶ್ಚರ್ಯವಲ್ಲ. ಎಂಬತ್ತು ಪುಟದಲ್ಲಿ ಮುಗಿಯಬೇಕಾದ ಮಾತು ನೂರಿಪ್ಪತ್ತಕ್ಕೆ ಎಳೆದುಕೊಂಡಿದ್ದರೆ ಲೇಖಕನೊಬ್ಬನನ್ನೇ ದೂರಬೇಡಿ. ಅದಕ್ಕಿಂತ ನನ್ನನ್ನು ಕಾಡುವುದು ಪ್ರಥಮ ಮುದ್ರಣದ ನಿಯಮ. ಆ ವರ್ಷ ಪಟ್ಟಿ ತಪ್ಪಿದ ಒಳ್ಳೆಯ ಪುಸ್ತಕ ಮುಂದೆ ನಾಲ್ಕು ಮುದ್ರಣ ಕಂಡರೂ ಈ ಬಾಗಿಲಲ್ಲಿ ಮತ್ತೆ ಒಳಗೆ ಬರುವುದು ಕಷ್ಟ.

ಇಷ್ಟೆಲ್ಲ ದಾಟಿ ಬಂದ ಕಟ್ಟು ಗ್ರಂಥಾಲಯದ ಮೇಜಿನ ಮೇಲೆ ಬಿಚ್ಚಿಕೊಂಡ ದಿನ ನೋಡುವಂಥದ್ದು. ಪುಸ್ತಕ ನೇರವಾಗಿ ಕಪಾಟು ಸೇರುವುದಿಲ್ಲ. ಮೊದಲು ಬಿಲ್ಲಿನ ಜೊತೆ ತಾಳೆ ನೋಡಬೇಕು. ಆಮೇಲೆ ದಪ್ಪ ರಿಜಿಸ್ಟರಿನಲ್ಲಿ ಒಂದೊಂದು ಪ್ರತಿಗೂ ಒಂದು ಸಾಲು: ದಿನಾಂಕ, ಲೇಖಕ, ಶೀರ್ಷಿಕೆ, ಪ್ರಕಾಶಕ, ಬೆಲೆ. ಆ ಸಾಲಿನ ಸಂಖ್ಯೆಯೇ ಪರಿಗ್ರಹಣ ಸಂಖ್ಯೆ. ಒಂದೇ ಕಾದಂಬರಿಯ ಎರಡು ಪ್ರತಿ ಬಂದರೆ ಎರಡಕ್ಕೂ ಬೇರೆ ಬೇರೆ. ಶೀರ್ಷಿಕೆ ಪುಟಕ್ಕೆ ಮೊಹರು ಬೀಳುತ್ತದೆ. ಜೊತೆಗೆ ಒಳಗಿನ ಯಾವುದೋ ಒಂದು ಗೊತ್ತುಪಡಿಸಿದ ಪುಟಕ್ಕೂ. ಮೊದಲ ಹಾಳೆ ಹರಿದು ಪುಸ್ತಕ ಹಾರಿಸಿದವನಿಗೆ ಈ ಗುಟ್ಟಿನ ಪುಟ ಗೊತ್ತಿರುವುದಿಲ್ಲ. ಬೆನ್ನಿಗೆ ವರ್ಗೀಕರಣದ ಚೀಟಿ, ಕೊನೆಗೆ ದಿನಾಂಕದ ಚೀಟಿ, ಅಂಟು ಒಣಗುವ ತನಕ ಮೇಲೊಂದು ಭಾರ. ಹೊಸ ಸೇರ್ಪಡೆಯ ಕಪಾಟಿಗೆ ಹೋಗುವುದು ಆಮೇಲೆ.

ಆ ಕಪಾಟಿನಲ್ಲಿ ಕಾದಂಬರಿಗೆ ಕೈ ಹಾಕುವವರು ಮೊದಲಿನಿಂದಲೂ ಹೆಚ್ಚು. ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದಾಗ ಲಿಸ್ಬನ್ನಿನಿಂದ ವಿಜಯನಗರದ ತನಕ ಹರಡಿದ ಅಷ್ಟು ದೊಡ್ಡ ಕಥೆಯನ್ನೂ ಜನ ಬಿಡದೆ ಓದಿದರು. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಇನ್ನೊಂದು ವಿಚಿತ್ರ ಎದುರಾಯಿತು. ದೀಪಾ ಭಾಸ್ತಿ ಅನುವಾದಿಸಿದ ಅದರ 12 ಕತೆಗಳು 1990ರಿಂದ 2023ರ ನಡುವೆ ಬರೆದವು. ಮೂವತ್ತು ವರ್ಷ ಹಿಂದಿನ ಕತೆಯೂ ಒಂದೇ ರಾತ್ರಿಯಲ್ಲಿ ಎಲ್ಲರಿಗೂ ಬೇಕಾದ ಹೊಸ ಪುಸ್ತಕವಾಯಿತು. ಹಳೆಯ ಸಂಕಲನಗಳನ್ನು ಉಳಿಸಿಕೊಂಡ ಗ್ರಂಥಾಲಯಕ್ಕೆ ಅಂಥ ಹೊತ್ತಿನಲ್ಲಿ ಅಂಗಡಿಗಿಂತ ಬೆಲೆ.

ನನ್ನ ಕಣ್ಣು ಮಾತ್ರ ಕಥೆಯಲ್ಲದ ಪುಸ್ತಕಗಳ ಕಡೆ. ಕನ್ನಡಕ್ಕೆ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳನ್ನು ನೋಡಿ: 2016ರಲ್ಲಿ ಬೊಳುವಾರರ ‘ಸ್ವಾತಂತ್ರ್ಯದ ಓಟ’ ಕಾದಂಬರಿಗೆ ಬಂದ ಮೇಲೆ 2024ರ ತನಕ ಒಂದೇ ಒಂದು ಕಾದಂಬರಿಗಾಗಲಿ ಕಥಾಸಂಕಲನಕ್ಕಾಗಲಿ ಬರಲಿಲ್ಲ. ವಿಜಯಾ ಅವರ ಆತ್ಮಕಥೆ ‘ಕುದಿ ಎಸರು’, ಡಿ.ಎಸ್. ನಾಗಭೂಷಣರ ‘ಗಾಂಧಿ ಕಥನ’, ಲಕ್ಷ್ಮೀಶ ತೋಳ್ಪಾಡಿಯವರ ಮಹಾಭಾರತ ಪ್ರಬಂಧಗಳು, ಕೆ.ವಿ. ನಾರಾಯಣರ ‘ನುಡಿಗಳ ಅಳಿವು’ ಹೀಗೆ ಸಾಗುತ್ತದೆ ಸಾಲು. ನಡುವೆ ಒಂದು ಮಹಾಕಾವ್ಯ ಇದೆ, ಅದನ್ನು ಬಿಡಿ. ಪ್ರಶಸ್ತಿಯೇ ಅಳತೆಗೋಲಲ್ಲ, ನಿಜ. ಆದರೂ ಕನ್ನಡದ ಗಟ್ಟಿ ಗದ್ಯ ಈಗ ಎಲ್ಲಿ ಬೆಳೆಯುತ್ತಿದೆ ಎಂಬ ಸುಳಿವು ಇದರಲ್ಲಿದೆ. ಕಾದಂಬರಿ ಮುಗಿಸಿ ವಾಪಸು ಕೊಡಲು ಬಂದವರ ಕೈಗೆ ‘ಕುದಿ ಎಸರು’ ಇಟ್ಟು, ಇದನ್ನೊಂದು ಓದಿ ನೋಡಿ ಮೇಡಂ ಎನ್ನುವ ಗ್ರಂಥಪಾಲಕರು ಊರಿಗೊಬ್ಬರಿದ್ದರೆ ಸಾಕು. ಪ್ರತಿ ಪುಸ್ತಕಕ್ಕೂ ಅದರ ಓದುಗನನ್ನು ಹುಡುಕಿಕೊಡಬೇಕೆಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಮಾಡಿದ್ದರು. ಕೊನೆಗಾಲವನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ.

ತಡ ತಪ್ಪಿಸಿಕೊಳ್ಳಬೇಕೆನ್ನುವವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋಗಬಹುದು. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿನ ಆ ಭವನದಲ್ಲಿ 1915ರಿಂದಲೂ ಪುಸ್ತಕಗಳಿವೆ, ನೋಂದಣಿಗೆ ಬರುವ ಹೊಸ ಪ್ರತಿಗಳು ಮೊದಲು ಸೇರುವುದು ಅಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವನ್ನೇ. ದೂರದ ಊರಿನವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು, ಸಂಖ್ಯೆ 5000ಕ್ಕೂ ಮೇಲೆ. ಅಲ್ಲಿ ಬೇಕಾದ ಪುಸ್ತಕ ಇಲ್ಲದಿದ್ದರೆ ಸುಮ್ಮನೆ ಹಿಂದಿರುಗಬೇಡಿ. ಲೇಖಕ, ಪ್ರಕಾಶಕ, ವರ್ಷ ಇಷ್ಟನ್ನು ಚೀಟಿಯಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಡಿ. ಮುಂದಿನ ಖರೀದಿಗೆ ಏನು ಕೇಳಬೇಕೆಂದು ಅವರಿಗೂ ಯಾರಾದರೂ ಹೇಳಬೇಕಲ್ಲ.