ಥೈರಾಯಿಡ್ ಕ್ಯಾನ್ಸರಿನ ನಿರ್ಣಯ: ನಿಖರತೆಯ ಅರ್ಥವಿಚಾರ

ವೈದ್ಯಶಾಸ್ತ್ರದ ಇತಿಹಾಸವನ್ನು ಉಪಕರಣಗಳ ಇತಿಹಾಸವೆಂದೇ ಬಗೆಯುವ ವಾಡಿಕೆಯುಂಟು. ಉಪಕರಣವು ಸೂಕ್ಷ್ಮವಾದಷ್ಟೂ ರೋಗನಿರ್ಣಯವು ನಿಖರವಾಗುವುದೆಂಬ ನಂಬಿಕೆಯೇ ಇದಕ್ಕೆ ಆಧಾರ. ಥೈರಾಯಿಡ್ ಕ್ಯಾನ್ಸರಿನ ನಿದರ್ಶನವನ್ನು ಪರಿಶೀಲಿಸಿದರೆ ಈ ನಂಬಿಕೆಯು ಅರ್ಧಸತ್ಯವೆಂಬುದು ನಮಗೆ ಮನವರಿಕೆಯಾಗುತ್ತದೆ.

ಕತ್ತಿನ ಮುಂಭಾಗದಲ್ಲಿರುವ ಈ ಗ್ರಂಥಿಯಲ್ಲಿ ಗಂಟುಗಳೇಳುವುದು ಬಹು ಸಾಮಾನ್ಯ. ಪರೀಕ್ಷೆಗೊಳಗಾದ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುವು ಸಾಮಾನ್ಯವಾಗಿ ನೂರಕ್ಕೆ 5ರಿಂದ 15 ಮಾತ್ರ. ಹಿಂದೆ ಇದನ್ನು ನಿಶ್ಚಯಿಸಲು ಶಸ್ತ್ರಕ್ರಿಯೆಯೇ ಮುಖ್ಯ ಮಾರ್ಗವಾಗಿತ್ತು. ಸೂಜಿಯಿಂದ ಜೀವಕೋಶಗಳನ್ನು ಹೀರಿ ಪರೀಕ್ಷಿಸುವ ವಿಧಾನವನ್ನು ಮಾರ್ಟಿನ್ ಮತ್ತು ಎಲಿಸ್ ಎಂಬವರು 1930ರಲ್ಲಿ ನ್ಯೂಯಾರ್ಕಿನಿಂದ ಪ್ರಕಟಿಸಿದರು. ತೆಳುಸೂಜಿಯ ವಿಧಾನವು ಬಳಕೆಗೆ ಬಂದುದು 1950 ಮತ್ತು 60ರ ದಶಕಗಳಲ್ಲಿ, ಮುಖ್ಯವಾಗಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ವೈದ್ಯರ ಪರಿಶ್ರಮದಿಂದ.

ಈ ವಿಧಾನಕ್ಕೂ ಒಂದು ಮಿತಿಯುಂಟು. ಫಾಲಿಕ್ಯುಲರ್ ಎಂಬ ಬಗೆಯ ಗಂಟುಗಳಲ್ಲಿ ಅಪಾಯಕರವಾದುದರ ಜೀವಕೋಶಗಳೂ ನಿರಪಾಯವಾದುದರ ಜೀವಕೋಶಗಳೂ ನೋಟಕ್ಕೆ ಒಂದೇ. ಗಂಟು ತನ್ನ ಕವಚವನ್ನಾಗಲಿ ರಕ್ತನಾಳಗಳನ್ನಾಗಲಿ ಭೇದಿಸಿದೆಯೇ ಎಂಬುದರಿಂದಲೇ ವ್ಯತ್ಯಾಸ ತಿಳಿಯಬೇಕು. ಅದು ಕಾಣುವುದು ಗಂಟನ್ನು ಕತ್ತರಿಸಿ ತೆಗೆದ ಬಳಿಕವೇ. ಇದರೊಡನೆ, ಒಂದೇ ನೋಟವನ್ನು ಬೇರೆ ಬೇರೆ ಪ್ರಯೋಗಶಾಲೆಗಳು ಬೇರೆ ಬೇರೆ ಪದಗಳಿಂದ ವರ್ಣಿಸುತ್ತಿದ್ದುವು. ಈ ಗೊಂದಲವನ್ನು ನೀಗಲು 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರ ಸಭೆಯಿಂದ ಆರು ವರ್ಗಗಳ ವ್ಯವಸ್ಥೆಯು ರೂಪುಗೊಂಡಿತು. ಸಂದಿಗ್ಧ ವರ್ಗದ ಗಂಟುಗಳಿಗಾಗಿ ಜೀನುಗಳ ಚಟುವಟಿಕೆಯನ್ನಳೆಯುವ ಪರೀಕ್ಷೆಗಳು ಬಂದುವು. 2012ರಲ್ಲಿ ಪ್ರಕಟವಾದ, 265 ಸಂದಿಗ್ಧ ಗಂಟುಗಳ ಅಧ್ಯಯನದಲ್ಲಿ ಅಂಥದೊಂದು ಪರೀಕ್ಷೆಯು ಕ್ಯಾನ್ಸರ್ ಗಂಟುಗಳಲ್ಲಿ ನೂರಕ್ಕೆ 92ನ್ನು ಸಂಶಯಾಸ್ಪದವೆಂದು ಹಿಡಿಯಿತು. ನಿರಪಾಯವಾದುವುಗಳಲ್ಲಿ ನಿರಪಾಯವೆಂದು ಗುರುತಿಸಿದುದು ನೂರಕ್ಕೆ 52ನ್ನು ಮಾತ್ರ.

ಇಷ್ಟರಮಟ್ಟಿಗೆ ಇದು ಉಪಕರಣಗಳ ಕಥೆ. ದಕ್ಷಿಣ ಕೊರಿಯಾದ ಅನುಭವವು ಬೇರೊಂದು ಪಾಠವನ್ನು ಕಲಿಸುತ್ತದೆ. 1999ರಿಂದೀಚೆಗೆ ಅಲ್ಲಿ ಆರೋಗ್ಯವಂತರ ಕತ್ತನ್ನೂ ಅಲ್ಟ್ರಾಸೌಂಡ್ ಯಂತ್ರದಿಂದ ಪರೀಕ್ಷಿಸುವ ರೂಢಿಯು ಹಬ್ಬಿತು. 2011ರ ಹೊತ್ತಿಗೆ ಥೈರಾಯಿಡ್ ಕ್ಯಾನ್ಸರಿನ ಪ್ರಮಾಣವು 1993ರಲ್ಲಿದ್ದುದರ 15 ಪಟ್ಟಾಯಿತು. ಮರಣದ ಪ್ರಮಾಣ ಮಾತ್ರ ಬದಲಾಗಲಿಲ್ಲ. ಇದರ ಕಾರಣವನ್ನು ಫಿನ್ಲೆಂಡಿನ 1985ರ ಅಧ್ಯಯನವೊಂದು ಮೊದಲೇ ಸೂಚಿಸಿತ್ತು: 101 ಶವಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 36ರಲ್ಲಿ, ಬದುಕಿದ್ದಾಗ ಅರಿವಿಗೇ ಬಾರದ ಪುಟ್ಟ ಕ್ಯಾನ್ಸರುಗಳು ಕಂಡುಬಂದಿದ್ದುವು. ಕೊರಿಯಾದಲ್ಲಿ ಯಂತ್ರವಾಗಲಿ ಸೂಕ್ಷ್ಮದರ್ಶಕವಾಗಲಿ ಸುಳ್ಳು ಹೇಳಿರಲಿಲ್ಲ. ಆದರೂ ಗ್ರಂಥಿಯನ್ನು ಪೂರ್ತಿ ಕಳೆದುಕೊಂಡವರು ಜೀವಮಾನವಿಡೀ ಹಾರ್ಮೋನ್ ಗುಳಿಗೆ ಸೇವಿಸಬೇಕಾಯಿತು, ಕೆಲವರಿಗೆ ಧ್ವನಿಯ ನರಕ್ಕೂ ಹಾನಿಯಾಯಿತು.

ಆದಕಾರಣ, ಕಂಡದ್ದು ಕ್ಯಾನ್ಸರೇ ಎಂಬುದರ ಜೊತೆಗೆ ಅದು ಕೆಡುಕು ಮಾಡುವುದೇ ಎಂಬುದನ್ನೂ ನಿರ್ಣಯಿಸಬೇಕಾಗಿದೆ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯು 1993ರಲ್ಲಿಯೇ ಅತಿ ಚಿಕ್ಕ ಕ್ಯಾನ್ಸರುಗಳನ್ನು ಕತ್ತರಿಸದೆ ಕಾದು ನೋಡುವ ಕ್ರಮವನ್ನಾರಂಭಿಸಿತು. ಕವಚವನ್ನು ಭೇದಿಸದ ಒಂದು ಬಗೆಯ ಗಂಟನ್ನು ಹೊಂದಿದ್ದ 109 ಮಂದಿಯನ್ನು 10ರಿಂದ 26 ವರ್ಷಗಳವರೆಗೆ ಗಮನಿಸಿದಾಗ ಒಬ್ಬರಲ್ಲಿಯೂ ರೋಗವು ಉಳಿದಿರಲಿಲ್ಲ. ಇದರ ಆಧಾರದಿಂದ 2016ರಲ್ಲಿ 7 ದೇಶಗಳ 24 ಮಂದಿ ರೋಗಶಾಸ್ತ್ರಜ್ಞರು ಆ ಗಂಟಿನ ಹೆಸರಿನಿಂದ ಕ್ಯಾನ್ಸರ್ ಎಂಬ ಅರ್ಥದ ಪದವನ್ನೇ ತೆಗೆದುಹಾಕಿದರು.

ಇತಿಹಾಸದ ವಿದ್ಯಾರ್ಥಿಗಳಾದ ನಮಗೂ ಇದು ಪ್ರಯೋಜನಕರ. ಯಾವುದೇ ಕಾಲದ ರೋಗಗಳ ಅಂಕಿಅಂಶಗಳಲ್ಲಿ ಏರಿಕೆಯು ಕಂಡಾಗ, ಹೆಚ್ಚಿದುದು ರೋಗವೇ, ಅದನ್ನು ಹುಡುಕುವ ಸಾಧನವೇ, ಅಥವಾ ಹೆಸರಿನ ವ್ಯಾಪ್ತಿಯೇ ಎಂಬುದನ್ನು ವಿವೇಚಿಸಿದ ಮೇಲೆಯೇ ನಾವು ಕಾರಣಗಳನ್ನರಸಲು ತೊಡಗಬೇಕು.