ನಗರದ ಮರಕ್ಕೆ ಬೆಲೆ ಕಟ್ಟುವ ಬಗೆ

ಉರುಳಿದ ಮರಕ್ಕೆ ಸೌದೆಯ ಬೆಲೆಯುಂಟು, ನಾಟದ ಬೆಲೆಯುಂಟು. ದಾರಿಯ ಬದಿಯಲ್ಲಿ ನೆರಳೀಯುತ್ತ ನಿಂತ ಮರದ ಬೆಲೆಯೆಷ್ಟು? ರಸ್ತೆ ಅಗಲಗೊಳ್ಳುವಾಗ, ಕಟ್ಟಡ ಮೇಲೇಳುವಾಗ ಈ ಪ್ರಶ್ನೆ ಉದ್ಭವಿಸುತ್ತದೆ. ಇದರ ಉತ್ತರವು ಒಂದು ಅಳತೆಪಟ್ಟಿಯಿಂದ ಆರಂಭವಾಗುತ್ತದೆ.

ನೆಲದಿಂದ 1.37 ಮೀಟರು, ಎಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ತೆಗೆಯುವುದು ನಮ್ಮ ಅರಣ್ಯಶಾಸ್ತ್ರದ ರೂಢಿ. ಇಳಿಜಾರಿನಲ್ಲಿ ಮೇಲ್ಬದಿಯ ನೆಲದಿಂದ ಎತ್ತರವನ್ನು ಗಣಿಸಬೇಕು. ಪಟ್ಟಿಯು ಕಾಂಡಕ್ಕೆ ಅಡ್ಡಲಾಗಿ, ಸಡಿಲವಿಲ್ಲದೆ ಸುತ್ತಿರಬೇಕು. ಹಬ್ಬಿದ ಬಳ್ಳಿ ಅಳತೆಯಲ್ಲಿ ಸೇರಬಾರದು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸವೂ, ಅದರಿಂದ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣವೂ ದೊರೆಯುತ್ತವೆ.

ಈ ವಿಸ್ತೀರ್ಣವೇ ಬೆಲೆಗೆ ಆಧಾರ. ಸುತ್ತಳತೆ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. 314 ಸೆಂಟಿಮೀಟರು ಸುತ್ತಳತೆಯ ಹಳೆಯ ಮರದ ವ್ಯಾಸ 100 ಸೆಂಟಿಮೀಟರು, ವಿಸ್ತೀರ್ಣ 7,850 ಚದರ ಸೆಂಟಿಮೀಟರು. 5 ಸೆಂಟಿಮೀಟರು ವ್ಯಾಸದ ಎಳೆಯ ಗಿಡದ ವಿಸ್ತೀರ್ಣವಾದರೋ 20ಕ್ಕೂ ತುಸು ಕಡಿಮೆ. ಆ ಒಂದು ಮರಕ್ಕೆ ಇಂತಹ 400 ಗಿಡಗಳು ಸಮ!

ನರ್ಸರಿಯಲ್ಲಿ ಆ ಗಿಡಕ್ಕೆ 785 ರೂಪಾಯಿ ಎಂದು ಭಾವಿಸೋಣ. ಚದರ ಸೆಂಟಿಮೀಟರಿಗೆ 40 ರೂಪಾಯಿಯಂತೆ ಹಳೆಯ ಮರದ ಮೂಲಬೆಲೆ 3,14,000 ರೂಪಾಯಿ. ಮರದ ಜಾತಿ, ಆರೋಗ್ಯ, ನಿಂತ ಸ್ಥಳ ಇವುಗಳನ್ನು ಪರಿಶೀಲಿಸಿ ಇದನ್ನು ತಗ್ಗಿಸಬೇಕಾಗುತ್ತದೆ. ಶೇಕಡಾ 60 ಉಳಿದರೆ ಬೆಲೆ 1,88,400 ರೂಪಾಯಿ. ಟೊಳ್ಳಾದ ಕಾಂಡ, ಕೊಳೆತ ಬೇರು ಬೆಲೆಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಆದುದರಿಂದ ಅಳತೆಪಟ್ಟಿಯೊಡನೆ ಅನುಭವಿಯ ಕಣ್ಣೂ ಅವಶ್ಯ.

ಅಮೆರಿಕದ ಮೌಲ್ಯಮಾಪಕರು ಅನುಸರಿಸುವ ಕಾಂಡಸೂತ್ರದ ತಿರುಳು ಇದೇ. ಲಂಡನ್ನಿನಲ್ಲಿ ರೂಪುಗೊಂಡ ಪದ್ಧತಿಯೂ ಕಾಂಡದ ವಿಸ್ತೀರ್ಣದಿಂದಲೇ ಹೊರಟು, ಸುತ್ತಲಿನ ಜನಸಾಂದ್ರತೆಯನ್ನೂ ಗಣಿಸುತ್ತದೆ. ಅದರಂತೆ 2008ರಲ್ಲಿ ಬರ್ಕ್ಲಿ ಚೌಕದ ಒಂದು ಪ್ಲೇನ್ ಮರಕ್ಕೆ 7,50,000 ಪೌಂಡು ಬೆಲೆ ಕಟ್ಟಲಾಯಿತು.

ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮವು ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿಯನ್ನು ವಿಧಿಸಿತು. ಬದಲಿಗೆ ಗಿಡ ನೆಡುವ ಹೊಣೆಯನ್ನೂ ಹೊರಿಸಿತು. ಆದರೆ ಒಂದಕ್ಕೆ ಹತ್ತು ಗಿಡವೆಂದು ಎಣಿಸಿದ ಮಾತ್ರಕ್ಕೆ ನಷ್ಟ ತುಂಬಿತೆನ್ನಲಾಗದು. ಎಣಿಕೆಯಲ್ಲಿ ಮರವೂ ಒಂದು, ಸಸಿಯೂ ಒಂದು. ಅಳತೆಯಲ್ಲಿ ಅವೆರಡರ ಅಂತರ ಬಯಲಾಗುತ್ತದೆ.

ಶಾಲೆಯ ಅಂಗಳದ ಮರಗಳನ್ನು ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ಗಣಿತದ ಪಾಠವೂ ಆದೀತು, ಹಿರಿಯರು ನೆಟ್ಟ ಆಸ್ತಿಯ ಲೆಕ್ಕವೂ ಉಳಿದೀತು.